ಬೂದಿಕೋಟೆಯವನ ತೋಟ: ಲಾಲ್‌ಬಾಗ್‌ಗೂ ಕೋಲಾರಕ್ಕೂ ಇರೋ ನೀರಿನ ನಂಟು

ಲಾಲ್‌ಬಾಗ್ ಯಾರು ಕಟ್ಟಿಸಿದ್ದು ಅಂತ ಕೇಳಿದ್ರೆ ಹೈದರ್ ಅಲಿ ಅಂತ ಎಲ್ರೂ ಹೇಳ್ತಾರೆ. ಹೈದರ್ ಯಾವ ಊರವನು ಅಂತ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಶ್ರೀರಂಗಪಟ್ಟಣ ಅಂತಾರೆ. ಆತ ಹುಟ್ಟಿದ್ದು ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಈಗಿನ ಬಂಗಾರಪೇಟೆ ತಾಲ್ಲೂಕು. ಅವನ ಅಪ್ಪ ಫತೇ ಮುಹಮ್ಮದ್‌ನ ಗೋರಿ ಇವತ್ತಿಗೂ ಕೋಲಾರ ಪಟ್ಟಣದಲ್ಲೇ ಇದೆ.

ಅಂದ್ರೆ ಬೆಂಗಳೂರಿನ ಅತಿ ದೊಡ್ಡ ಹೆಸರಿನ ತೋಟಕ್ಕೆ ಗುದ್ದಲಿ ಹಾಕಿಸಿದ್ದು ಕೋಲಾರ ಸೀಮೆಯ ಮನುಷ್ಯ. ಈಗ ಅದೇ ಬೆಂಗಳೂರಿಗೆ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದಿಂದ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹೋಗಿರೋ ನಮ್ಮಂಥವರು ಭಾನುವಾರ ಬೆಳಗ್ಗೆ ಅಲ್ಲಿ ವಾಕಿಂಗ್ ಮಾಡ್ತೀವಿ. ನಾನು ಬೈರಕೂರು ಕಡೆಯವನು. ನದಿ ಅನ್ನೋದನ್ನ ಶಾಲೆಯ ಮ್ಯಾಪಿನಲ್ಲಿ ನೋಡಿದ್ದೇ ಹೆಚ್ಚು. ಹಾಗಾಗಿ ಲಾಲ್‌ಬಾಗ್ ಬಗ್ಗೆ ಓದೋಕೆ ಶುರು ಮಾಡಿದಾಗ ನನಗೆ ಹೂವು, ಗಾಜಿನ ಮನೆಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅಲ್ಲಿನ ಕೆರೆ. ಆ ಕೆರೆ ಇರೋ ಕಣಿವೆಗೂ ನಮ್ಮ ಜಿಲ್ಲೆಯ ಕೆರೆಗಳಿಗೂ ಈಗ ಒಂದು ಪೈಪ್‌ಲೈನ್ ಸಂಬಂಧ ಇದೆ. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ತೋಟದ ಕಥೆ.

ನದಿ ಇಲ್ಲದ ಊರಲ್ಲಿ ತೋಟ

ದೊಡ್ಡ ದೊಡ್ಡ ಊರುಗಳ ದೊಡ್ಡ ಉದ್ಯಾನಗಳು ಸಾಮಾನ್ಯವಾಗಿ ನದಿ ಪಕ್ಕ ಇರುತ್ತವೆ. ಲಂಡನ್ನಿನ ಕ್ಯೂ ಉದ್ಯಾನ ಥೇಮ್ಸ್ ನದಿ ದಡದಲ್ಲಿದೆ. ನಮ್ಮಲ್ಲೇ ಕೃಷ್ಣರಾಜಸಾಗರದ ಬೃಂದಾವನ ಇರೋದು ಕಾವೇರಿ ಪಕ್ಕ. ಬೆಂಗಳೂರಿಗೆ ಆ ಭಾಗ್ಯ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ ಕೂತ ಊರು ಅದು. ಬಿದ್ದ ಮಳೆ ನಿಲ್ಲೋದಿಲ್ಲ, ಎರಡೂ ಕಡೆಗೆ ಜಾರಿ ಹೋಗುತ್ತೆ. ಪಶ್ಚಿಮಕ್ಕೆ ಜಾರಿದ್ದು ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿ ಸೇರುತ್ತೆ. ಪೂರ್ವಕ್ಕೆ ಜಾರಿದ್ದು ದಕ್ಷಿಣ ಪಿನಾಕಿನಿ ಸೇರುತ್ತೆ.

ಇಂಥ ಊರಲ್ಲಿ ನೀರು ಬೇಕಂದ್ರೆ ಇದ್ದದ್ದು ಒಂದೇ ದಾರಿ: ಹರಿಯೋ ನೀರಿಗೆ ಅಡ್ಡ ಕಟ್ಟೆ ಹಾಕಿ ಕೆರೆ ಮಾಡೋದು. ಒಂದು ಕೆರೆ ತುಂಬಿದ್ರೆ ಕೋಡಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿದ್ರೆ ಅದರ ಕೆಳಗಿನದಕ್ಕೆ. ಕೋಲಾರದವರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. ನಮ್ಮ ಜಿಲ್ಲೆಯಲ್ಲೂ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಪಾಲಾರ್ ಹುಟ್ಟಿ ನಮ್ಮ ಜಿಲ್ಲೆ ಮೇಲೇ ಹಾದು ಹೋದ್ರೂ ವರ್ಷದ ಬಹುಪಾಲು ದಿನ ಅದು ಮರಳಿನ ದಾರಿ. ನಮ್ಮ ಅಜ್ಜ ಮುತ್ತಜ್ಜಂದಿರು ಬದುಕಿದ್ದು ಸಾಲು ಸಾಲು ಕೆರೆಗಳ ಮೇಲೆ.

ಹೈದರ್ 1760ರಲ್ಲಿ ತೋಟ ಮಾಡಿಸೋಕೆ ಶುರು ಮಾಡಿದಾಗ ಮೈಸೂರಿನ ಅಧಿಕಾರ ಇನ್ನೂ ಪೂರ್ತಿ ಅವನ ಕೈಗೆ ಬಂದಿರಲಿಲ್ಲ. ಬೆಂಗಳೂರು ಮಾತ್ರ ಜಹಗೀರಾಗಿ ಸಿಕ್ಕಿತ್ತು. ಸಿರಾದಲ್ಲಿ ಮೊಘಲರ ಕಾಲದ ತೋಟ ಒಂದಿತ್ತು, ಅದರ ಮಾದರಿಯಲ್ಲೇ ಇದನ್ನೂ ಮಾಡಿಸಿದ ಅನ್ನೋದು ಇತಿಹಾಸಕಾರರ ಮಾತು. ಮೊದಲಿಗೆ ಇದ್ದದ್ದು ಸುಮಾರು 40 ಎಕರೆ. ಮಗ ಟಿಪ್ಪು ಕಾಬೂಲ್, ಪರ್ಶಿಯಾ, ತುರ್ಕಿ, ಮಾರಿಷಸ್ ಅಂತ ಎಲ್ಲೆಲ್ಲಿಂದಲೋ ಗಿಡ, ಬೀಜ ತರಿಸಿ ನೆಡಿಸಿದ. ದೂತರು ಹೊರದೇಶಕ್ಕೆ ಹೋದ್ರೆ ವಾಪಸ್ ಬರುವಾಗ ಸಸಿ ತರಬೇಕಿತ್ತು.

ಗಿಡ ತರಿಸಿದವರ ಹೆಸರು ಪುಸ್ತಕದಲ್ಲಿ ಉಳಿದಿದೆ. ಅವಕ್ಕೆ ನೀರು ಹಾಕಿ ಬದುಕಿಸಿದವರು ಬೇರೆ. ಬೆಂಗಳೂರಿನ ತೋಟಗಾರಿಕೆ ಅಂದ್ರೆ ತಿಗಳ ಸಮುದಾಯದ ಕೈಗುಣ. ಕೆರೆ ಕೆಳಗಿನ ತೋಟಗಳಲ್ಲಿ ಹೂವು, ಸೊಪ್ಪು, ತರಕಾರಿ ಬೆಳೆದು ಊರಿಗೆ ಹಾಕಿದವರು ಇವರು. ಬೆಂಗಳೂರು ಕರಗ ಹೊರೋದೂ ಇವರೇ. ಮಾಲೂರು, ಕೋಲಾರ ಕಡೆ ಕರಗ ನೋಡಿ ಬೆಳೆದವರಿಗೆ ಇದು ಗೊತ್ತಿರೋ ವಿಷಯ.

ಸೀಮೆಬದನೆಕಾಯಿ ಬಂದ ದಾರಿ

1799ರಲ್ಲಿ ಟಿಪ್ಪು ಸತ್ತ ಮೇಲೆ ತೋಟ ಬ್ರಿಟಿಷರ ಕೈಗೆ ಹೋಯ್ತು. ಮೊದಲು ಮೇಜರ್ ವಾ ಅನ್ನೋ ಸೇನಾಧಿಕಾರಿ ನೋಡ್ಕೊಂಡ. ಅವನು 1819ರಲ್ಲಿ ಕಂಪನಿ ಸರ್ಕಾರಕ್ಕೆ ಒಪ್ಪಿಸಿದ. ಆಮೇಲೆ ಕೆಲವು ವರ್ಷ ಯಾರೂ ಸರಿಯಾಗಿ ಗಮನ ಕೊಡಲಿಲ್ಲ. 1856ರಲ್ಲಿ ಇದನ್ನ ಸರ್ಕಾರಿ ಸಸ್ಯೋದ್ಯಾನ ಅಂತ ಘೋಷಿಸಿದ ಮೇಲೆ ನಿಜವಾದ ಬದಲಾವಣೆ ಶುರುವಾಯ್ತು. ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಇಲ್ಲಿಗೆ ಬಂದ. ಅವನ ನಂತರ 1874ರಲ್ಲಿ ಬಂದ ಜಾನ್ ಕ್ಯಾಮರನ್ 1908ರವರೆಗೆ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದ.

ಕ್ಯಾಮರನ್ ಕಾಲದಲ್ಲಿ ಲಾಲ್‌ಬಾಗ್ ಅಂದ್ರೆ ಬರೀ ನೋಡೋ ಜಾಗ ಆಗಿರಲಿಲ್ಲ. ಹೊರದೇಶದ ತರಕಾರಿ, ಹಣ್ಣು ಇಲ್ಲಿನ ಮಣ್ಣಿಗೆ ಹೊಂದಿಕೊಳ್ಳುತ್ತಾ ಅಂತ ಪರೀಕ್ಷೆ ಮಾಡೋ ಲ್ಯಾಬ್ ಆಗಿತ್ತು. ಹೊಂದಿದ್ರೆ ಸಸಿ ಮಾಡಿ ರೈತರಿಗೆ ಹಂಚೋದು. ಸೀಮೆಬದನೆಕಾಯಿ ನಮ್ಮ ಅಡುಗೆಮನೆಗೆ ಬಂದದ್ದು ಹೀಗೆ, ಲಾಲ್‌ಬಾಗ್ ಮೂಲಕ. ನಮ್ಮ ಗಡಿ ಸೀಮೆಯ ತೆಲುಗು ಮನೆಗಳಲ್ಲಿ ಅದನ್ನ ಬೆಂಗಳೂರು ವಂಕಾಯ ಅಂತಾರೆ, ತಮಿಳಿನವರು ಬೆಂಗಳೂರು ಕತ್ತರಿಕಾಯಿ ಅಂತಾರೆ. ಸಾಂಬಾರಿಗೆ ಹಾಕೋ ತರಕಾರಿಯ ಹೆಸರಲ್ಲೇ ಒಂದು ತೋಟದ ವಿಳಾಸ ಉಳಿದುಬಿಟ್ಟಿದೆ.

ಗಾಜಿನ ಮನೆಯೂ ಕ್ಯಾಮರನ್ ಕಾಲದ್ದೇ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಟ್ಟಿದ್ದ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಎರಕದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಬೆಂಕಿಗೆ ಸುಟ್ಟು ಹೋಯ್ತು. ಅದರ ನೆನಪಲ್ಲಿ ಎದ್ದ ಬೆಂಗಳೂರಿನ ಈ ಮನೆ ಇನ್ನೂ ನಿಂತಿದೆ.

1908ರಲ್ಲಿ ಬಂದ ಜರ್ಮನ್ ತೋಟಗಾರ ಗುಸ್ಟಾವ್ ಕ್ರುಂಬಿಗೆಲ್ ತೋಟದ ಗೋಡೆ ದಾಟಿ ಇಡೀ ಊರಿನ ಕಡೆ ನೋಡಿದ. ಒಂದು ಜಾತಿ ಮರದ ಹೂವು ಉದುರೋ ಹೊತ್ತಿಗೆ ಇನ್ನೊಂದು ರಸ್ತೆಯ ಮರ ಹೂ ಬಿಡಬೇಕು, ವರ್ಷಪೂರ್ತಿ ಊರಲ್ಲಿ ಎಲ್ಲೋ ಒಂದು ಕಡೆ ಬಣ್ಣ ಇರಬೇಕು ಅನ್ನೋದು ಅವನ ಲೆಕ್ಕ. ಫೆಬ್ರವರಿ, ಮಾರ್ಚ್‌ನಲ್ಲಿ ನೀವು ಆಫೀಸ್ ಕ್ಯಾಬ್ ಕಿಟಕಿಯಿಂದ ಗುಲಾಬಿ ಬಣ್ಣದ ಟಬೂಬಿಯಾ ನೋಡಿ ಇನ್‌ಸ್ಟಾಗ್ರಾಮ್‌ಗೆ ಹಾಕ್ತೀರಲ್ಲ, ಆ ಯೋಚನೆಯ ಬೇರು ಅಲ್ಲಿದೆ. ಅವನು ಕೆಲಸ ಬಿಟ್ಟ ಮೇಲೂ ಬೆಂಗಳೂರು ಬಿಡಲಿಲ್ಲ. 1956ರಲ್ಲಿ ಇಲ್ಲೇ ತೀರಿಕೊಂಡ.

ಅವನ ನಂತರ 1932ರಲ್ಲಿ ಎಚ್.ಸಿ. ಜವರಾಯ ಬಂದರು. ಆಮೇಲೆ ಎಂ.ಎಚ್. ಮರಿಗೌಡ. ಹಾರ್ವರ್ಡಿನಲ್ಲಿ ಓದಿ ಬಂದ ಮರಿಗೌಡರು ಲಾಲ್‌ಬಾಗನ್ನ ಮಾತ್ರ ನೋಡ್ಕೊಳ್ಳದೆ ರಾಜ್ಯದ ಜಿಲ್ಲೆ ಜಿಲ್ಲೆಗೂ ತೋಟಗಾರಿಕೆ ಫಾರಂ, ನರ್ಸರಿ ತಂದರು. ಮಳೆ ಕಡಿಮೆ ಇರೋ ಸೀಮೆಯಲ್ಲಿ ರೈತ ರಾಗಿಯೊಂದನ್ನೇ ನಂಬದೆ ಮಾವು, ಸಪೋಟದಂಥ ಹಣ್ಣಿನ ಗಿಡ ಹಾಕಬಹುದು ಅನ್ನೋದನ್ನ ಊರೂರಿಗೆ ಮುಟ್ಟಿಸಿದ ಇಲಾಖೆ ಅದು. ಶ್ರೀನಿವಾಸಪುರ ಈಗ ಮಾವಿನ ಊರು. ಬೇಸಿಗೆಯಲ್ಲಿ ಲಾಲ್‌ಬಾಗ್‌ನಲ್ಲಿ ಮಾವು ಮೇಳ ನಡೆದಾಗ ಅಲ್ಲಿನ ಮಳಿಗೆಗಳಲ್ಲಿ ನಮ್ಮ ಕಡೆಯ ರೈತರು ಬಾದಾಮಿ, ರಸಪುರಿ, ಮಲ್ಲಿಕಾ ಇಟ್ಕೊಂಡು ಕೂತಿರ್ತಾರೆ. ಮಾತಾಡಿಸಿ ನೋಡಿ, ಕನ್ನಡಕ್ಕೆ ಅರ್ಧ ತೆಲುಗು ಬೆರೆತು ಬಂದ್ರೆ ನಮ್ಮವರೇ.

ಒಂದು ಬೆಳಗ್ಗೆ, ಎರಡು ಗಂಟೆ

ಈಗ ಲಾಲ್‌ಬಾಗ್ ಸುಮಾರು 240 ಎಕರೆ. ಒಂದೇ ಸಲಕ್ಕೆ ಪೂರ್ತಿ ನೋಡ್ತೀನಿ ಅಂತ ಹೊರಟ್ರೆ ಕಾಲು ನೋವು ಗ್ಯಾರಂಟಿ. ಎರಡು ಗಂಟೆ ಇದ್ರೆ ಹೀಗೆ ಮಾಡಬಹುದು.

ಹೋಗೋದು ಸುಲಭ. ಮುಳಬಾಗಿಲಿಂದಲೋ ಕೋಲಾರದಿಂದಲೋ ಬಸ್ಸಲ್ಲಿ ಮೆಜೆಸ್ಟಿಕ್‌ಗೆ ಬಂದ್ರೆ ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಆಮೇಲೆ ಲಾಲ್‌ಬಾಗ್. ನಾಲ್ಕನೇ ಸ್ಟಾಪು. ಬೆಳಗಿನ ಹೊತ್ತು ವಾಕಿಂಗ್‌ಗೆ ಬರೋವ್ರಿಗೆ ಟಿಕೆಟ್ ಇಲ್ಲ. ಹೊತ್ತೇರಿದ ಮೇಲೆ ಟಿಕೆಟ್ ತಗೋಬೇಕು.

ಮೊದಲು ಬಂಡೆ ಹತ್ತಿ. ಮುಖ್ಯ ತೋಟದ ಒಳಗೇ ಇರೋ ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಇದನ್ನ ಪೆನಿನ್ಸುಲರ್ ನೈಸ್ ಅಂತಾರೆ. ದಕ್ಷಿಣ ಭಾರತದ ತಳಪಾಯ ಇದೇ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಮೇಲಿರೋ ಪುಟ್ಟ ಮಂಟಪ ಕೆಂಪೇಗೌಡ ಗೋಪುರ. ಊರಿನ ನಾಲ್ಕು ಕಡೆ ಕಟ್ಟಿದ ಇಂಥ ನಾಲ್ಕರಲ್ಲಿ ಇದೂ ಒಂದು. ಉಳಿದವು ಹಲಸೂರು, ಮೇಖ್ರಿ ಸರ್ಕಲ್, ಕೆಂಪಾಂಬುಧಿ ಕೆರೆ ಹತ್ತಿರ ಇವೆ. ಅವತ್ತು ಇವು ಊರಿನ ಗಡಿ ಅಂತ ಹೇಳ್ತಾರೆ. ಈಗ ಮೇಲೆ ನಿಂತು ನೋಡಿದ್ರೆ ಊರು ಎಲ್ಲಿ ಮುಗಿಯುತ್ತೆ ಅಂತ ಕಣ್ಣಿಗೆ ಸಿಗೋದಿಲ್ಲ. ಅಂತರಗಂಗೆ, ಆವಣಿ ಬೆಟ್ಟ ಹತ್ತಿದವರಿಗೆ ಈ ಬಂಡೆ ಎತ್ತರ ಏನೂ ಅಲ್ಲ, ಆದ್ರೆ ಬೆಳಗಿನ ಬಿಸಿಲು ಬೀಳೋ ಹೊತ್ತಿಗೆ ಅಲ್ಲಿರಬೇಕು.

ಅಲ್ಲಿಂದ ಗಾಜಿನ ಮನೆ ಕಡೆ ಇಳೀರಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ಇಲ್ಲೇ ಫಲಪುಷ್ಪ ಪ್ರದರ್ಶನ ನಡೆಯೋದು. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ನೆನಪಲ್ಲಿ ಹೂವಿನ ಅಲಂಕಾರ ಮಾಡಿದಾಗ ಕ್ಯೂ ರಸ್ತೆವರೆಗೂ ಬಂದಿತ್ತು. ಜನಜಂಗುಳಿ ಆಗದವರು ಪ್ರದರ್ಶನ ಇಲ್ಲದ ವಾರ ಬರೋದೇ ವಾಸಿ. ಆಗ ಮನೆಯ ಕಬ್ಬಿಣದ ಕೆಲಸ ನಿಧಾನವಾಗಿ ನೋಡಬಹುದು.

ದೊಡ್ಡ ಬೂರುಗದ ಮರ ಇದೆ, ಅದನ್ನ ಬಿಟ್ಟು ಹೋಗಬೇಡಿ. ಬುಡದ ಹಲಗೆ ಬೇರುಗಳು ಆಳೆತ್ತರ ಗೋಡೆ ಥರ ಎದ್ದಿವೆ. ಎಚ್‌ಎಂಟಿ ಕೊಟ್ಟ ಹೂವಿನ ಗಡಿಯಾರದ ಮುಂದೆ ಅಪ್ಪ ಅಮ್ಮನನ್ನ ನಿಲ್ಲಿಸಿ ಫೋಟೋ ತೆಗೆಯೋದು ಹೇಗೂ ಇದ್ದೇ ಇರುತ್ತೆ. ಬೋನ್ಸಾಯ್ ತೋಟ ಇದೆ. ಕಲ್ಲಾಗಿ ಹೋದ ಮರದ ತುಂಡು ಇದೆ, ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು. ಅದಕ್ಕೆ ಸುಮಾರು ಎರಡು ಕೋಟಿ ವರ್ಷ ವಯಸ್ಸು.

ಕೊನೆಗೆ ಕೆರೆ. ಬಹಳ ಜನ ಇಲ್ಲಿವರೆಗೂ ಬರೋದೇ ಇಲ್ಲ. ಬರೋವ್ರು ಕ್ಯಾಮೆರಾ ಹಿಡಿದ ಪಕ್ಷಿ ಪ್ರೇಮಿಗಳು, ಓಡೋವ್ರು, ಕಟ್ಟೆ ಮೇಲೆ ಕೂತು ಸುಮ್ಮನೆ ನೀರು ನೋಡೋ ವಯಸ್ಸಾದವರು. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಸಿಗುತ್ತವೆ. ಅದೃಷ್ಟ ಇದ್ರೆ ಹೆಜ್ಜಾರ್ಲೆಯೂ. ಇಯರ್‌ಫೋನ್ ತೆಗೆದಿಟ್ಟು ಹತ್ತು ನಿಮಿಷ ಕೂತ್ಕೊಳ್ಳಿ.

ಇಷ್ಟಕ್ಕೆಲ್ಲ ಖರ್ಚಾಗೋದು ಮೆಟ್ರೋ ಟಿಕೆಟ್ಟು, ಆಚೆ ಬಂದ ಮೇಲೆ ಒಂದು ಕಾಫಿ. ಪಿಜಿ ರೂಮಲ್ಲಿ ನಾಲ್ಕು ಜನ ಇರೋರಿಗೆ, ಮಾಲ್‌ಗೆ ಹೋದ್ರೆ ಐನೂರು ರೂಪಾಯಿ ಕರಗೋ ಊರಲ್ಲಿ, ದುಡ್ಡು ಕೊಡದೆ ಎರಡು ಗಂಟೆ ಕೂರೋ ಜಾಗ ಅಂದ್ರೆ ಪಾರ್ಕು ಒಂದೇ. ಕಬ್ಬನ್ ಪಾರ್ಕ್‌ನಲ್ಲಿ ಶನಿವಾರ ಬೆಳಗ್ಗೆ ಗೊತ್ತಿಲ್ಲದವರೆಲ್ಲ ಒಟ್ಟಿಗೆ ಕೂತು ಸದ್ದಿಲ್ಲದೆ ಪುಸ್ತಕ ಓದೋ ಕಬ್ಬನ್ ರೀಡ್ಸ್ ಅಷ್ಟು ಬೇಗ ಹೆಸರಾಗಿದ್ದು ಸುಮ್ಮನೆ ಅಲ್ಲ. ಯಾರೂ ಏನೂ ಕೊಳ್ಳಬೇಕಿಲ್ಲದ ಜಾಗಕ್ಕೆ ಈ ಊರು ಅಷ್ಟು ಹಸಿದಿದೆ.

ಗೋಡೆ ಇದ್ರೂ ಕಾವಲು ಬೇಕು

ಇಷ್ಟು ಹಳೇ ತೋಟ, ಇಷ್ಟು ಹೆಸರು, ಇದಕ್ಕೇನು ಆಗುತ್ತೆ ಅಂತ ಅನ್ಕೋಬೇಡಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡನ್ನೂ ಉಳಿಸೋಕೆ 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಕಾಯ್ದೆ ಬಂತು ಅಂದ್ರೇನೇ ಅಷ್ಟು ಹೊತ್ತಿಗಾಗಲೇ ಪಾರ್ಕು ಕರಗೋಕೆ ಶುರುವಾಗಿತ್ತು ಅಂತ ಅರ್ಥ. ಕಬ್ಬನ್ ಪಾರ್ಕ್ 1870ರಲ್ಲಿ ಶುರುವಾದ ಮೇಲೆ ಅದರೊಳಗೆ ಒಂದೊಂದೇ ಕಟ್ಟಡ, ಒಂದೊಂದೇ ರಸ್ತೆ ಬಂದವು.

ಕಾಯ್ದೆ ಇದ್ರೂ 2009ರಲ್ಲಿ ಮೆಟ್ರೋ ಹಸಿರು ಮಾರ್ಗಕ್ಕೆ ಲಾಲ್‌ಬಾಗ್‌ನ ಒಂದು ಅಂಚು ಹೋಯ್ತು. ಗೋಡೆ ಒಡೆದಾಗ, ಮರ ಕಡಿದಾಗ ಜನ ರಸ್ತೆಗೆ ಬಂದು ಪ್ರತಿಭಟನೆ ಮಾಡಿದ್ರು. ಈಗ ಅದೇ ಮೆಟ್ರೋ ನಮ್ಮನ್ನ ತೋಟಕ್ಕೆ ಕರ್ಕೊಂಡು ಬರ್ತಿದೆ ಅನ್ನೋದೂ ನಿಜ. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ನೆಲದಡಿ ಸುರಂಗ ರಸ್ತೆ ಮಾಡೋ ಯೋಜನೆಯಲ್ಲಿ ಲಾಲ್‌ಬಾಗ್ ಜಾಗದಲ್ಲಿ ಕಾರು ಹತ್ತಿ ಇಳಿಯೋ ದಾರಿಯ ಪ್ರಸ್ತಾಪ ಬಂತು. ಮತ್ತೆ ಗಲಾಟೆ, ಮತ್ತೆ ಸಹಿ ಸಂಗ್ರಹ, ಮತ್ತೆ ಕೋರ್ಟು. ಲಾಲ್‌ಬಾಗ್ ಹಾಳು ಮಾಡೋದಿಲ್ಲ ಅಂತ ಸರ್ಕಾರ ಹೇಳಬೇಕಾಗಿ ಬಂತು.

ಎರಡೂ ಸಲ ಕಾಯ್ದೆ ತಾನಾಗೇ ಎದ್ದು ಬಂದು ಕಾಪಾಡಲಿಲ್ಲ. ದಿನಾ ಬೆಳಗ್ಗೆ ಅಲ್ಲಿ ನಡೆಯೋ ಜನ ಬಾಯಿ ಬಿಟ್ಟಿದ್ದಕ್ಕೆ ವಿಷಯ ಪೇಪರಿಗೆ ಬಂತು. ಬಳಸೋ ಜನ ಇದ್ರೆ ಜಾಗಕ್ಕೆ ವಾರಸುದಾರರು ಇರ್ತಾರೆ. ಈ ಮಾತು ನೆನಪಿಟ್ಕೊಳ್ಳಿ, ನಮ್ಮೂರ ಕೆರೆ ವಿಷಯಕ್ಕೂ ಬೇಕಾಗುತ್ತೆ.

ಕೋರಮಂಗಲದ ನೀರು, ಕೋಲಾರದ ಕೆರೆ

ಈಗ ಪೈಪ್‌ಲೈನ್ ಕಥೆ. ಲಾಲ್‌ಬಾಗ್ ಕೆರೆ ಇರೋದು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಮೇಲ್ತುದಿಯಲ್ಲಿ. ಇಲ್ಲಿಂದ ಹೆಚ್ಚಾದ ಮಳೆನೀರು ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆ, ಅಲ್ಲಿಂದ ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ. ಆ ನದಿ ಮಾಲೂರು ತಾಲ್ಲೂಕಿನ ಅಂಚು ಸವರಿಕೊಂಡು ಹೊಸೂರು ಕಡೆ ಇಳಿದು ಕೊನೆಗೆ ಕಡಲೂರು ಹತ್ತಿರ ಸಮುದ್ರ ಸೇರುತ್ತೆ. ಹಾಗೆ ನೋಡಿದ್ರೆ ಲಾಲ್‌ಬಾಗ್ ಕೂಡ ನದಿ ತೋಟವೇ. ನದಿ ಮಾತ್ರ ತೋಟದಿಂದ ಬಹಳ ಕೆಳಗಿದೆ.

ಕಾಲ ಕಳೆದಂತೆ ಆ ಕಣಿವೆಯಲ್ಲಿ ಮಳೆನೀರಿಗಿಂತ ಕೊಳಚೆನೀರೇ ಹೆಚ್ಚಾಯ್ತು. ಬೆಳ್ಳಂದೂರು ಕೆರೆ ನೊರೆ ಕಕ್ಕಿದ್ದು, ಬೆಂಕಿ ಹತ್ತಿದ್ದು ದೇಶಕ್ಕೆಲ್ಲ ಗೊತ್ತು. ಆ ಕೊಳಚೆಯನ್ನ ಸಂಸ್ಕರಿಸಿ, ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ಹರಿಸೋದೇ ಕೆ.ಸಿ. ವ್ಯಾಲಿ ಯೋಜನೆ. ಹೆಸರಲ್ಲಿರೋ ಕೆ ಅಂದ್ರೆ ಕೋರಮಂಗಲ, ಸಿ ಅಂದ್ರೆ ಚಲ್ಲಘಟ್ಟ. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, ತುಂಬಿಸಬೇಕಾದ ಕೆರೆ 126. ಕುಡಿಯೋಕೆ ಅಲ್ಲ, ಅಂತರ್ಜಲ ಮೇಲೆ ಬರಲಿ ಅಂತ.

ಅಂದ್ರೆ ನಮ್ಮ ಜಿಲ್ಲೆಯ ಹುಡುಗ ಒಬ್ಬ ಕೋರಮಂಗಲದ ಪಿಜಿಯಲ್ಲಿ ಬೆಳಗ್ಗೆ ಸ್ನಾನ ಮಾಡಿದ ನೀರು ಸುತ್ತಿ ಬಳಸಿ ಅವನಪ್ಪನ ಬೋರ್‌ವೆಲ್‌ ಪಕ್ಕದ ಕೆರೆಗೇ ಬಂದು ಬೀಳಬಹುದು. ಕೇಳೋಕೆ ತಮಾಷೆ. ಆದ್ರೆ ನೊರೆ ಕೂಡ ಬಂತು. ನೀರು ಬಿಟ್ಟ ಮುಂದಿನ ತಿಂಗಳೇ ಲಕ್ಷ್ಮೀಸಾಗರದಲ್ಲಿ ಬಿಳಿ ನೊರೆ ಕಾಣಿಸಿತು. ಹೈಕೋರ್ಟ್ ತಡೆ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಆಮೇಲೆ ಮತ್ತೆ ನೀರು ಹರಿಯಿತು.

ಈಗಿರೋದು ಎರಡು ಹಂತದ ಸಂಸ್ಕರಣೆ. ಮೊದಲ ಹಂತದಲ್ಲಿ ಗಟ್ಟಿ ಕಸ ಕೆಳಗೆ ಕೂರುತ್ತೆ. ಎರಡನೇ ಹಂತದಲ್ಲಿ ಗಾಳಿ ಊದಿ, ಸೂಕ್ಷ್ಮಜೀವಿಗಳ ಕೈಲಿ ಕರಗಿದ ಕೊಳೆ ತಿನ್ನಿಸ್ತಾರೆ. ಮೂರನೇ ಹಂತದಲ್ಲಿ ಉಳಿದ ಸಾರಜನಕ, ರಂಜಕ, ಸಣ್ಣ ಕಣ, ರೋಗಾಣು ತೆಗೀಬೇಕು. ಆ ಮೂರನೇ ಹಂತ ಬೇಕು ಅಂತ ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೇಳ್ತಾನೇ ಇದ್ದಾರೆ. ಒಣಗಿ ಬಿರುಕು ಬಿಟ್ಟ ಕೆರೆಯಲ್ಲಿ ನೀರು ಕಂಡ ಸಂತೋಷ ಒಂದು ಕಡೆ, ಆ ನೀರಲ್ಲಿ ಏನಿದೆಯೋ ಅನ್ನೋ ಭಯ ಇನ್ನೊಂದು ಕಡೆ. ಎರಡೂ ಒಂದೇ ಮನೆಯಲ್ಲಿ, ಒಂದೇ ಊಟದ ಹೊತ್ತಲ್ಲಿ ಮಾತಾಗುತ್ತೆ.

ಕಟ್ಟೆಯೇ ನಮ್ಮ ಪಾರ್ಕು

ನಮ್ಮ ಹಳ್ಳಿಗಳಲ್ಲಿ ಪಾರ್ಕ್ ಅಂತ ಯಾರೂ ಮಾಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಂಜೆ ಹೊತ್ತು ಕೆರೆ ಕಟ್ಟೆ ಮೇಲೆ ಗಾಳಿಗೆ ಕೂರೋದು, ಎಮ್ಮೆ ಮೈ ತೊಳೆಯೋದು, ಹುಡುಗರು ಈಜು ಕಲಿಯೋದು, ಗೌರಿ ಗಣೇಶ ಬಿಡೋದು, ಕೆರೆ ತುಂಬಿದ್ರೆ ಗಂಗೆಪೂಜೆ ಮಾಡಿ ಬಾಗಿನ ಬಿಡೋದು, ಎಲ್ಲ ಅಲ್ಲೇ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷದ ಮೇಲೆ ಕೋಡಿ ಹರಿದಾಗ ಏನಾಯ್ತು ನೆನಪಿದೆಯಾ? ಕೋಡಿ ನೋಡೋಕೆ ಜಾತ್ರೆ ಥರ ಜನ. ಬೈಕಲ್ಲಿ, ಟ್ರ್ಯಾಕ್ಟರಲ್ಲಿ, ಮಕ್ಕಳು ಮರಿ ಸಮೇತ. ಕಡ್ಲೆಕಾಯಿ ಗಾಡಿ, ಬೋಂಡಾ ಅಂಗಡಿ ತಾನಾಗೇ ಬಂದುಬಿಟ್ಟವು. ಬೆಂಗಳೂರಿನಲ್ಲಿ ಕೆಲಸ ಮಾಡೋರು ಸ್ಟೇಟಸ್‌ನಲ್ಲಿ ವಿಡಿಯೋ ನೋಡಿ ವೀಕೆಂಡ್‌ಗೆ ಊರಿಗೆ ಓಡಿ ಬಂದ್ರು.

ನೀರು ಇಳಿದ ಮೇಲೆ ಜನ ಮತ್ತೆ ಆ ಕಡೆ ಹೋಗಲಿಲ್ಲ. ಕಟ್ಟೆ ಮೇಲೆ ಸೀಮೆಜಾಲಿ ಬೆಳೀತು. ಕೋಳಿ ಅಂಗಡಿ ಕಸ, ಒಡೆದ ಮನೆಯ ಇಟ್ಟಿಗೆ, ಮದುವೆ ಮನೆಯ ಪ್ಲಾಸ್ಟಿಕ್ ಲೋಟ ಬಂದು ಬಿದ್ದವು. ಅಂಗಳದ ಕಡೆಯಿಂದ ಒಂದೊಂದೇ ಗುಂಟೆ ಒತ್ತುವರಿ. ಬಳಸೋರಿಲ್ಲದ ಜಾಗಕ್ಕೆ ವಾರಸುದಾರರಿಲ್ಲ.

ಹಳ್ಳಿ ಕೆರೆಯನ್ನ ಲಾಲ್‌ಬಾಗ್ ಮಾಡೋಕೆ ಆಗೋದಿಲ್ಲ, ಮಾಡಲೂಬಾರದು. ಆದ್ರೆ ಕಟ್ಟೆ ಮೇಲೆ ದಿನಾ ನಾಲ್ಕು ಜನ ನಡೆಯೋ ಹಾಗೆ ಮಾಡೋದು ಕಷ್ಟ ಅಲ್ಲ. ಅದಕ್ಕೆ ಕೆಲವು ವಿಷಯ ಗೊತ್ತಿರಬೇಕು.

ಮೊದಲನೆಯದು, ಕೆರೆ ಯಾರ ಕೈಲಿದೆ ಅಂತ ತಿಳ್ಕೊಳ್ಳಿ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟು ಇರೋ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಅರ್ಜಿ ತಪ್ಪು ಕಚೇರಿಗೆ ಹೋದ್ರೆ ವರ್ಷಗಟ್ಟಲೆ ಅಲೆದಾಟ.

ಎರಡನೆಯದು, ಅಳತೆ. ಒತ್ತುವರಿ ಬಗ್ಗೆ ಮಾತಾಡೋ ಮುಂಚೆ ಸರ್ವೆ ಆಗಿ ಗಡಿ ಕಲ್ಲು ನೆಟ್ಟಿರಬೇಕು. ಗ್ರಾಮಸಭೆಯಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ. ಗಡಿ ಗೊತ್ತಿಲ್ಲದ ಕೆರೆಗೆ ಬೆಂಚು ಹಾಕಿಸಿ ಪ್ರಯೋಜನ ಇಲ್ಲ.

ಮೂರನೆಯದು, ಗಿಡ ಎಲ್ಲಿ ನೆಡಬೇಕು ಅನ್ನೋದು. ಪರಿಸರ ದಿನ ಬಂದ್ರೆ ಎಲ್ರೂ ಹೋಗಿ ಕಟ್ಟೆ ಮೇಲೇ ಆಲ, ಅರಳಿ ನೆಟ್ಟು ಫೋಟೋ ತೆಗೆಸ್ಕೊಳ್ತಾರೆ. ಮಣ್ಣಿನ ಕಟ್ಟೆ ಮೇಲೆ ದೊಡ್ಡ ಮರ ಬೇಡ. ಬೇರು ಕಟ್ಟೆ ಒಳಗೆ ಇಳಿಯುತ್ತೆ, ಮರ ಸತ್ತರೆ ಬೇರು ಕೊಳೆತು ಕೊಳವೆ ಥರ ಪೊಳ್ಳಾಗುತ್ತೆ, ನೀರು ಅಲ್ಲೇ ದಾರಿ ಮಾಡ್ಕೊಳ್ಳುತ್ತೆ. ಕಟ್ಟೆ ಮೇಲೆ ಹುಲ್ಲು ಇರಲಿ. ಮರ ಬೇಕಂದ್ರೆ ಕಟ್ಟೆಯಿಂದ ದೂರ, ಗಡಿ ಕಲ್ಲಿನ ಸಾಲಲ್ಲಿ ಹೊಂಗೆ, ನೇರಳೆ, ಹುಣಸೆ ನೆಡಿ. ಗಡಿಯಲ್ಲಿ ಸಾಲು ಮರ ಇದ್ರೆ ಒತ್ತುವರಿಗೂ ತಡೆ.

ನಾಲ್ಕನೆಯದು, ಸಿಮೆಂಟ್ ಬೇಡ. ಕೆರೆ ಸುತ್ತ ಕಾಂಕ್ರೀಟ್ ಗೋಡೆ ಕಟ್ಟಿ, ಟೈಲ್ಸ್ ಹಾಕಿ, ಬಣ್ಣದ ಲೈಟ್ ಬಿಟ್ಟು ಅಭಿವೃದ್ಧಿ ಅನ್ನೋರಿದ್ದಾರೆ. ಗೋಡೆ ಕಟ್ಟಿದ್ರೆ ಸುತ್ತಲಿಂದ ಮಳೆನೀರು ಒಳಗೆ ಬರೋ ದಾರಿ ಮುಚ್ಚುತ್ತೆ. ಕಾಲುವೆ ಹೂಳು ತೆಗೆಸಿ, ತೂಬು ಸರಿ ಮಾಡಿಸಿ, ಕೋಡಿಯ ಮುಂದೆ ಬೆಳೆದದ್ದನ್ನ ಕಡಿಸಿದ್ರೆ ಅರ್ಧ ಕೆಲಸ ಮುಗೀತು. ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆಯೋದು, ಗಿಡ ನೆಡೋದು ಊರೂರಲ್ಲಿ ನಡೆದೇ ಇದೆ.

ಐದನೆಯದು ಕೆ.ಸಿ. ವ್ಯಾಲಿ ನೀರು ಬರೋ ಊರುಗಳಿಗೆ. ಕಟ್ಟೆ ಮೇಲೆ ನಡೀರಿ, ಪಕ್ಷಿ ನೋಡಿ. ನೀರಿಗೆ ಇಳಿಯೋದು, ಮಕ್ಕಳನ್ನ ಈಜೋಕೆ ಬಿಡೋದು ಬೇಡ. ಬೋರ್‌ವೆಲ್ ನೀರನ್ನ ಆಗಾಗ ಪರೀಕ್ಷೆ ಮಾಡಿಸಿ. ನೊರೆಯೋ ವಾಸನೆಯೋ ಬಂದ್ರೆ ದಿನಾಂಕ ಸಮೇತ ಫೋಟೋ ತೆಗೆದು ಪಂಚಾಯಿತಿಗೆ ಬರವಣಿಗೆಯಲ್ಲಿ ಕೊಡಿ. ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಅದು ಮರುದಿನದ ಗುಡ್ ಮಾರ್ನಿಂಗ್ ಮೆಸೇಜಿನ ಕೆಳಗೆ ಹೋಗಿಬಿಡುತ್ತೆ, ಕಚೇರಿಯ ಸೀಲು ಬಿದ್ದ ಅರ್ಜಿ ಫೈಲಿನಲ್ಲಿ ಇರುತ್ತೆ.

ಇದೆಲ್ಲ ಊರಲ್ಲೇ ಇರೋರ ಕೆಲಸ, ಬೆಂಗಳೂರಲ್ಲಿರೋ ನಾವೇನು ಮಾಡೋದು ಅಂತ ಕೇಳಬಹುದು. ಸರ್ವೆ ನಕ್ಷೆ ತೆಗೆಸೋದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆಯೋದು, ಉಪಗ್ರಹ ಚಿತ್ರದಲ್ಲಿ ಹತ್ತು ವರ್ಷದ ಹಿಂದಿನ ಕೆರೆಗೂ ಈಗಿನದಕ್ಕೂ ಹೋಲಿಸಿ ತೋರಿಸೋದು, ಇವೆಲ್ಲ ನಮಗೆ ದಿನನಿತ್ಯದ ಕೆಲಸದಷ್ಟೇ ಸುಲಭ. ಊರಲ್ಲಿ ಅದನ್ನ ಹಿಡ್ಕೊಂಡು ಗ್ರಾಮಸಭೆಯಲ್ಲಿ ಎದ್ದು ನಿಲ್ಲೋ ಧೈರ್ಯ ಇರೋ ಅಣ್ಣಂದಿರು, ಅಕ್ಕಂದಿರು ಇದ್ದೇ ಇದ್ದಾರೆ. ಅವರ ಕೈಗೆ ಕಾಗದ ಕೊಡೋದು ನಮ್ಮ ಪಾಲು.

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಸಂಜೆ ಟಿವಿ ಮುಂದೆ ಕೂರೋ ಬದಲು ಮನೆಯವರನ್ನ ಕರ್ಕೊಂಡು ಕಟ್ಟೆ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಕೋಡಿ ಎಲ್ಲಿದೆ, ತೂಬು ಎಲ್ಲಿದೆ, ನೀರು ಯಾವ ಕಡೆಯಿಂದ ಬರ್ತಿತ್ತು ಅಂತ ಅಜ್ಜಿ ತಾತನನ್ನ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಯಾವ ಕಾಲುವೆ ಎಲ್ಲಿ ಮುಚ್ಚಿ ಹೋಯ್ತು ಅನ್ನೋದು ಕಂದಾಯ ನಕ್ಷೆಗಿಂತ ಚೆನ್ನಾಗಿ ಅವರಿಗೆ ಗೊತ್ತು.